ಬೆಳಿಗ್ಗೆ ಅಪ್ಪೆಮಿಡಿ ಕಸಿ, ಮಧ್ಯಾಹ್ನ ಟೆಸ್ಟ್ ಪಂದ್ಯ

ಆಟ ನೋಡುವುದು ಬರೀ ಹೊತ್ತು ಕಳೆಯುವ ಕೆಲಸ, ಕೈಯಲ್ಲಿ ಏನಾದರೂ ಮಾಡಿದರೆ ಮಾತ್ರ ಹವ್ಯಾಸ ಎನ್ನುವ ಮಾತು ನಮ್ಮ ಸಾಗರ, ಹೊಸನಗರದ ಕಡೆ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಮಾವಿನ ಕಸಿ ಕಟ್ಟುತ್ತೇನೆ. ಭಾರತ ತಂಡ ಇಂಗ್ಲೆಂಡಿನಲ್ಲಿದ್ದರೆ ಮಧ್ಯಾಹ್ನ ಮೂರೂವರೆಗೆ ಸ್ಕೋರ್ ಪುಸ್ತಕ ಹಿಡಿದು ಟೀವಿ ಮುಂದೆ ಕೂರುತ್ತೇನೆ. ಎರಡರಲ್ಲೂ ತೃಪ್ತಿ ಇದೆ, ಜಾತಿ ಬೇರೆ. ನೋಡಿದ ಕಣ್ಣಿಗೆ ಗೊತ್ತಾಗುವುದೇ ಬೇರೆ, ಮಾಡಿದ ಕೈಗೆ ಗೊತ್ತಾಗುವುದೇ ಬೇರೆ. ಕೈಕೆಲಸಕ್ಕೆ ಕ್ರಮ ಬೇಕೆಂದು ಎಲ್ಲರಿಗೂ ಗೊತ್ತು. ನೋಡುವುದಕ್ಕೂ ಬೇಕು.

ಮೊದಲು ಕಸಿ, ಅಂದರೆ ಬೇಕಾದ ಮರದ ಕಡ್ಡಿಯನ್ನು ಇನ್ನೊಂದು ಸಸಿಯ ಬುಡಕ್ಕೆ ಬೆಸೆಯುವುದು. ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು ಅಪ್ಪೆಮಿಡಿ. ಅದರ ಗೊರಟು ಹಾಕಿದರೆ ತಾಯಿಮರದ ಗುಣವೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಹೂವಿಗೆ ಯಾವ ಮರದ ಪರಾಗ ಬಂದು ಕೂತಿತ್ತೋ ಯಾರು ಬಲ್ಲರು? ಜೀರಿಗೆ ಪರಿಮಳದ ಮಿಡಿ ಬಿಡುವ ಮರದ ಗೊರಟಿನಿಂದ ಬರೀ ಹುಳಿಯ ಕಾಯಿ ಬಿಡುವ ಮರ ಎದ್ದೀತು. ಹೊಳೆಯಂಚಿನ ಹಳೆಯ ಮರವೊಂದು ನೆರೆಗೆ ಬಿದ್ದರೆ ಆ ವಾಸನೆ ಅಲ್ಲಿಗೇ ಮುಗಿಯಿತು, ಅದಕ್ಕೆ ಮೊದಲೇ ಯಾರಾದರೂ ಕಡ್ಡಿ ತಂದು ಕಸಿ ಕಟ್ಟಿರದಿದ್ದರೆ.

ಬುಡಕ್ಕೆ ಕಾಟುಮಾವಿನ, ಅಂದರೆ ಕಾಡುಮಾವಿನ, ಸಸಿಯೇ ಸರಿ. ನಮ್ಮ ಮಣ್ಣಿಗೆ, ಮಳೆಗೆ ಒಗ್ಗಿದ ಬೇರು ಅದು. ಮಾವಿನ ಗೊರಟು ಒಣಗಿಸಿಟ್ಟರೆ ಹುಟ್ಟುವುದಿಲ್ಲ, ಹಣ್ಣು ತಿಂದ ಹದಿನೈದು ದಿನದೊಳಗೆ ಮರಳಿನ ಪಾತಿಗೆ ಹಾಕಬೇಕು. ಎಲೆಯ ತಾಮ್ರದ ಬಣ್ಣ ಹೋಗಿ ಹಸಿರಾದ ಮೇಲೆ ಚೀಲಕ್ಕೆ ಬದಲಿಸಿದರೆ ಮುಂದಿನ ಮಳೆಗಾಲದ ಹೊತ್ತಿಗೆ ಪೆನ್ಸಿಲ್ ದಪ್ಪಕ್ಕೆ ಬಂದಿರುತ್ತದೆ.

ಕಡ್ಡಿಯ ತಯಾರಿ ಮರದಲ್ಲೇ ಶುರುವಾಗಬೇಕು. ಬಿಸಿಲು ಬೀಳುವ ಕಡೆಯ, ಮೂರ್ನಾಲ್ಕು ತಿಂಗಳು ಬಲಿತ ತುದಿಕೊಂಬೆ ಆರಿಸಿ, ತೊಟ್ಟು ಮಾತ್ರ ಉಳಿಸಿ ಎಲೆಗಳನ್ನು ಕತ್ತರಿಸಿ ಬಿಡಬೇಕು. ಎಂಟು ಹತ್ತು ದಿನದಲ್ಲಿ ತುದಿಮೊಗ್ಗು ಉಬ್ಬುತ್ತದೆ, ಉಳಿಸಿದ ತೊಟ್ಟು ಬೆರಳು ತಾಗಿದರೆ ಉದುರುತ್ತದೆ. ಅದೇ ಹದ. ಮೊಗ್ಗು ಒಡೆದು ಚಿಗುರು ಕಾಣಿಸಿದ ಕಡ್ಡಿ ಬೇಡ, ಬೆಸೆಯುವ ಮೊದಲೇ ಅದರೊಳಗಿನ ಶಕ್ತಿಯೆಲ್ಲ ಚಿಗುರಿಗೆ ಖರ್ಚಾಗುತ್ತದೆ. ಕೊಯ್ಯುವಾಗ 10ರಿಂದ 12 ಸೆಂಟಿಮೀಟರ್ ಉದ್ದ ಇರಲಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅದೇ ದಿನ ಕಟ್ಟಬೇಕು.

ಇನ್ನು ಚಾಕು. ಸೋಲು ಗೆಲುವು ಇಲ್ಲೇ. ಒಂದೇ ಕಡೆ ಇಳಿಜಾರಿರುವ ಕಸಿಚಾಕನ್ನು ಸಾಣೆಕಲ್ಲಿಗೆ ಹಿಡಿದು, ಕಾಗದದ ಅಂಚು ಹರಿಯದೆ ಕತ್ತರಿಸುವಷ್ಟು ಹರಿತ ಮಾಡಿಕೊಳ್ಳಬೇಕು. ಬುಡದ ಗಿಡವನ್ನು ನೆಲದಿಂದ ಒಂದು ಗೇಣು ಮೇಲೆ, ಕಾಂಡ ಇನ್ನೂ ಎಳಸಾಗಿರುವ ಕಡೆ ಅಡ್ಡ ಕತ್ತರಿಸಿ, ಕೆಳಗಿನ ಕೆಲವು ಎಲೆ ಹಾಗೇ ಬಿಡುತ್ತೇನೆ. ನಡುವೆ ನೇರ ಸೀಳು, ಮೂರೂವರೆ ಸೆಂಟಿಮೀಟರ್. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡು ಕಡೆಯಿಂದ ಬೆಣೆಯಂತೆ ಹೆರೆಯಬೇಕು, ಒಂದೊಂದು ಕಡೆಗೆ ಒಂದೇ ಎಳೆತ. ಮಣಿಕಟ್ಟು ಬಿಗಿ ಹಿಡಿದು ಮೊಳಕೈಯಿಂದ ಎಳೆದರೆ ಮುಖ ಚಪ್ಪಟೆ ಬರುತ್ತದೆ. ಮಣಿಕಟ್ಟು ತಿರುಗಿದರೆ ನಡುವೆ ಹೊಟ್ಟೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟೆಯೂ ಸಾಕು, ಅಲ್ಲಿ ಗಾಳಿ ನಿಂತು ಕಪ್ಪಾಗುತ್ತದೆ. ಹೆರೆದ ಮುಖವನ್ನು ಚಾಕಿನ ಅಲಗಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಿದರೆ ಇನ್ನೊಮ್ಮೆ ಹೆರೆಯಬೇಕು. ಸೊನೆ ಬಂದರೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಬೆರಳಿಂದ ಒರೆಸಬೇಡಿ.

ಬೆಸೆಯುವುದು ಸಿಪ್ಪೆಗೂ ಕಟ್ಟಿಗೆಗೂ ನಡುವಿನ ತೆಳು ಹಸಿರು ಪದರ. ಕಡ್ಡಿ ಮತ್ತು ಗಿಡ ಒಂದೇ ದಪ್ಪವಿದ್ದರೆ ಎರಡೂ ಬದಿ ತಾನೇ ಕೂಡುತ್ತದೆ. ಇಲ್ಲದಿದ್ದರೆ ಕಡ್ಡಿಯನ್ನು ನಡುವೆ ಇಡದೆ ಒಂದು ಅಂಚಿಗೆ ಸರಿಸಿ ಆ ಬದಿಯನ್ನಾದರೂ ಕೂಡಿಸಬೇಕು. ಚಂದ ಕಾಣಲೆಂದು ನಡುಮಧ್ಯೆ ಇಟ್ಟ ತೆಳ್ಳನೆಯ ಕಡ್ಡಿ ಎರಡೂ ಬದಿಯಲ್ಲಿ ತಪ್ಪುತ್ತದೆ. ಎರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಸುತ್ತಿನ ಮೇಲೆ ಸುತ್ತು ಅರ್ಧ ಕೂರುವಂತೆ ಎಳೆದು ಸುತ್ತಿದರೆ ಮಳೆನೀರು ಒಳಗಿಳಿಯುವುದಿಲ್ಲ. ಮೇಲಿಂದ ಐಸ್‌ಕ್ಯಾಂಡಿಯ ಉದ್ದನೆಯ ಕವರ್ ತೊಡಿಸಿ ಕೆಳಗೆ ಕಟ್ಟಿದರೆ ಒಳಗೆ ಪಸೆ ಉಳಿದು ಕಡ್ಡಿ ಒಣಗುವುದಿಲ್ಲ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಎನ್ನುವ ಊರು ನಮ್ಮದು. ಗಾಳಿಯ ತೇವ ಕಸಿಗೆ ಅಮೃತ, ಗಾಯದ ಮೇಲೆ ಬೀಳುವ ಹನಿ ವಿಷ. ಹಾಗಾಗಿ ಕಟ್ಟುವುದೂ ಇಡುವುದೂ ಮಾಡಿನ ಕೆಳಗೇ.

ಹದಿನೈದು ಇಪ್ಪತ್ತು ದಿನಕ್ಕೆ ಮೊಗ್ಗು ಒಡೆಯುತ್ತದೆ. ಎಲೆ ಬಿಚ್ಚಿದ ಮೇಲೆ, ಮೋಡದ ದಿನ ನೋಡಿ ಸಂಜೆ ಕವರ್ ತೆಗೆಯಬೇಕು. ಬಿಸಿಲಲ್ಲಿ ತೆಗೆದರೆ ಚಿಗುರು ಒಂದೇ ದಿನಕ್ಕೆ ಬಾಡುತ್ತದೆ. ಕಟ್ಟಿನ ಕೆಳಗಿಂದ ಬರುವ ಚಿಗುರು ಬುಡದ್ದು. ಕಂಡ ಕೂಡಲೇ ಚಿವುಟಿ. ಎರಡು ಮೂರು ತಿಂಗಳಿಗೆ ಪಟ್ಟಿ ಸೀಳಿ ತೆಗೆಯದಿದ್ದರೆ ಕಾಂಡವನ್ನು ಕೊರೆದು ಗಾಳಿಗೆ ಅಲ್ಲೇ ಮುರಿಯುತ್ತದೆ.

ಹೋದ ಕಸಿಯನ್ನು ಎಸೆಯುವ ಮೊದಲು ಬಿಚ್ಚಿ ನೋಡಬೇಕು. ನನ್ನ ಮಟ್ಟಿಗೆ ಈ ಹವ್ಯಾಸದ ಅರ್ಧ ಸುಖ ಇದೇ. ಸೀಳು ಕಪ್ಪಗಾಗಿ ಲೋಳೆಯಿದ್ದರೆ ನೀರು ಇಳಿದಿದೆ. ಕಡ್ಡಿ ಸುಕ್ಕಾಗಿ ಸೀಳು ಹಸಿರಾಗಿಯೇ ಇದ್ದರೆ ಪದರ ಕೂಡಿಲ್ಲ, ಇಲ್ಲವೇ ಕಟ್ಟು ಸಡಿಲ. ಮೊಗ್ಗು ಒಡೆದು ಆಮೇಲೆ ಒಣಗಿದ್ದರೆ ಕಡ್ಡಿ ತನ್ನೊಳಗಿನ ಕೂಡಿಟ್ಟದ್ದರಿಂದಲೇ ಚಿಗುರಿತ್ತು, ಬೆಸುಗೆ ಆಗಿರಲೇ ಇಲ್ಲ. ಕಾರಣ ಕೈಯಲ್ಲಿದೆ, ನಾಳೆ ತಿದ್ದಬಹುದು.

ಆಟದಲ್ಲಿ ಇದಿಲ್ಲ. ನಾನು ಎಷ್ಟು ಗಮನ ಕೊಟ್ಟರೂ ಒಂದು ರನ್ ಹೆಚ್ಚಾಗುವುದಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಇದ್ದದ್ದೇ ಮಣಿಕಟ್ಟಿನಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟ್‌ನಲ್ಲೇ ಸೊನ್ನೆಯ ಬೆನ್ನಿಗೆ 137 ಹೊಡೆದವರು. ಆ ಹೊಡೆತವನ್ನು ಜೀವಮಾನವಿಡೀ ನೋಡಿ ಸುಖಪಟ್ಟರೂ ನಮ್ಮ ಮಣಿಕಟ್ಟು ಏನೂ ಕಲಿಯದು. ಅದರಿಂದ ನೋಡಿದ ಸುಖ ಕಡಿಮೆಯಾಗುವುದೂ ಇಲ್ಲ. ಮನುಷ್ಯನ ಕೈಗೆ ಏನೇನು ಸಾಧ್ಯ ಎಂದು ತಿಳಿಯುವುದು ನಮ್ಮ ಕೈಗೆ ಏನು ಸಾಧ್ಯ ಎಂದು ತಿಳಿದಷ್ಟೇ ದೊಡ್ಡದು.

ಸುಮ್ಮನೆ ಕೂತು ನೋಡಿದರೆ ಮಾತ್ರ ಕಣ್ಣು ಜಾರುತ್ತದೆ. ಟೆಸ್ಟ್‌ನ ಒಂದು ದಿನಕ್ಕೆ 90 ಓವರ್, 540 ಎಸೆತ. ಅಷ್ಟನ್ನೂ ಹಿಡಿದಿಡಲು ನಾನು ಕಂಡುಕೊಂಡ ಉಪಾಯ ಸ್ಕೋರ್ ಬರೆಯುವುದು. ಗೆರೆ ಹಾಕಿದ ಉದ್ದನೆಯ ಪುಸ್ತಕ, ಪೆನ್ಸಿಲ್, ರಬ್ಬರ್ ಸಾಕು. ಮೇಲೆ ಬ್ಯಾಟರ್‌ಗಳು, ಕೆಳಗೆ ಬೌಲರ್‌ಗಳಿಗೆ ಓವರ್‌ಗೊಂದು ಚೌಕ. ರನ್ ಇಲ್ಲದ ಎಸೆತಕ್ಕೆ ಚುಕ್ಕೆ, ಆರೂ ಚುಕ್ಕೆಯಾದರೆ ಅವನ್ನು ಕೂಡಿಸಿ ಮೇಡನ್ ಓವರಿನ ಎಂ ಅಕ್ಷರ. ಪ್ರತಿ ಎಸೆತವನ್ನು ಎರಡು ಕಡೆ, ಬ್ಯಾಟರ್ ಸಾಲಿನಲ್ಲೂ ಬೌಲರ್ ಚೌಕದಲ್ಲೂ, ಬರೆಯಬೇಕು. ಇನಿಂಗ್ಸ್ ಮುಗಿದಾಗ ಬ್ಯಾಟರ್‌ಗಳ ರನ್‌ಗೆ ಇತರೆ ರನ್ ಸೇರಿಸಿದರೆ ಒಟ್ಟು ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್ ಬೈ (ಚೆಂಡು ಬ್ಯಾಟಿಗೆ ತಾಗದೆ ಬಂದ ರನ್) ಸೇರಿಸಿದರೂ ಅದೇ ಬರಬೇಕು. ವೈಡ್, ನೋಬಾಲ್ ಬೌಲರ್ ಲೆಕ್ಕಕ್ಕೆ ಹೋಗುತ್ತವೆ, ಬೈ ಹೋಗುವುದಿಲ್ಲ. ತಾಳೆಯಾಗದಿದ್ದರೆ ಹತ್ತಕ್ಕೆ ಒಂಬತ್ತು ಸಲ ಲೆಗ್ ಬೈಯನ್ನು ಬ್ಯಾಟರ್ ಹೆಸರಿಗೆ ಬರೆದಿರುತ್ತೇವೆ.

ಇದರ ಜೊತೆಗೆ ಅಂಚಿನಲ್ಲಿ ಟಿಪ್ಪಣಿ. ಕೀಪರ್ ಸ್ಟಂಪಿನ ಹತ್ತಿರ ಬಂದದ್ದು, ಬೌಲರ್ ಕ್ರೀಸಿನ ಅಂಚಿಗೆ ಸರಿದದ್ದು, ಸ್ಲಿಪ್ ಒಂದು ಕಡಿಮೆಯಾದದ್ದು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್ ಮುಟ್ಟಲು ಸುಮಾರು ಅರ್ಧ ಸೆಕೆಂಡ್. ಅಷ್ಟರಲ್ಲಿ ನೋಡಿ ತಿಳಿಯುವುದು ಕಷ್ಟ, ಅದಕ್ಕೆ ಮೊದಲಿನ ಸಿದ್ಧತೆಯಲ್ಲಿ ಎಲ್ಲವೂ ಕಾಣುತ್ತದೆ. ಶಿವಮೊಗ್ಗದ ನವುಲೆ ಮೈದಾನದಲ್ಲಿ ರಣಜಿ ಪಂದ್ಯ ನಡೆದರೆ ಖಂಡಿತ ಹೋಗಿ. ಬೌಲರ್ ಬೆನ್ನಿನ ಕಡೆ ಕೂತರೆ ಸ್ವಿಂಗ್, ಪಕ್ಕದಲ್ಲಿ ಕೂತರೆ ಚೆಂಡು ಬಿದ್ದ ಜಾಗ ಮತ್ತು ಪುಟಿತ. ಟೀವಿ ತೋರಿಸದ ಫೀಲ್ಡಿಂಗ್ ಬದಲಾವಣೆ ಇಡೀ ದಿನ ಕಣ್ಣ ಮುಂದೆ.

2025ರ ಆಗಸ್ಟ್ 4, ಲಂಡನ್ನಿನ ಓವಲ್ ಮೈದಾನದ ಟೆಸ್ಟ್ ಪಂದ್ಯದ ಕೊನೆಯ ದಿನ ನೆನಪಿಸಿಕೊಳ್ಳಿ. ಇಂಗ್ಲೆಂಡಿಗೆ 374ರ ಗುರಿ, ಬೇಕಿದ್ದದ್ದು 35 ರನ್, ಕೈಯಲ್ಲಿ ನಾಲ್ಕು ವಿಕೆಟ್. ಸಿರಾಜ್ ಮೂರು, ನಮ್ಮ ಪ್ರಸಿದ್ಧ್ ಕೃಷ್ಣ ಒಂದು ಕಿತ್ತು, 367ಕ್ಕೆ ಮುಗಿಸಿ ಭಾರತ 6 ರನ್‌ಗಳಿಂದ ಗೆದ್ದಿತು. ಇಂಗ್ಲೆಂಡಿನ ಕ್ರಿಸ್ ವೋಕ್ಸ್ ಭುಜ ಕಳಚಿದ ಎಡಗೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಕೊನೆಯ ಜೋಡಿಯಾಗಿ ಬಂದರು, ಓಡಿದರು, ಆದರೆ ಒಂದೂ ಎಸೆತ ಎದುರಿಸಲಿಲ್ಲ. ಅವರ ಹೆಸರಿನ ಸಾಲು ಸ್ಕೋರ್ ಪುಸ್ತಕದಲ್ಲಿ ಪೂರ್ತಿ ಖಾಲಿ, ಒಂದು ಚುಕ್ಕೆಯೂ ಇಲ್ಲ. ಅಂಚಿನ ಟಿಪ್ಪಣಿ ಬರೆಯದವರಿಗೆ ಆ ಖಾಲಿ ಸಾಲಿನಲ್ಲಿ ಏನಿತ್ತೆಂದು ಮುಂದೆ ಎಂದೂ ತಿಳಿಯದು.

ಆ ಒಂದು ಗಂಟೆಯೊಳಗಿನ ಏರುಪೇರನ್ನು ಕಸಿ ಎಂದೂ ಕೊಡಲಾರದು. ಕಸಿಯ ಫಲಿತಾಂಶಕ್ಕೆ ಇಪ್ಪತ್ತು ದಿನ, ಮೊದಲ ಮಿಡಿಗೆ ನಾಲ್ಕೈದು ವರ್ಷ. ಹಾಗೆಂದು ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಚಾಕು ಕೈಯಲ್ಲಿರುವಾಗ ಟೀವಿ ಬೇಡ. ಬೆಣೆಯ ಮುಖವೂ ಕೆಡುತ್ತದೆ, ಹೆಬ್ಬೆರಳೂ ಹೋಗುತ್ತದೆ. ಮಳೆಗಾಳಿಗೆ ಕರೆಂಟ್ ಹೋದ ದಿನ ರೇಡಿಯೊದಲ್ಲಿ ಕಾಮೆಂಟರಿ ಸಿಕ್ಕಿದರೆ, ಕಣ್ಣು ಬೇಡದ ಕೆಲಸ ಇಟ್ಟುಕೊಳ್ಳಬಹುದು: ಪಟ್ಟಿ ಸುರುಳಿ ಸುತ್ತುವುದು, ಚೀಲಕ್ಕೆ ಮಣ್ಣು ತುಂಬುವುದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹುಡಿಯಾದ ಕೊಟ್ಟಿಗೆ ಗೊಬ್ಬರ. ಚೀಲದ ತಳಕ್ಕೆ ಎಂಟು ಹತ್ತು ತೂತು ಹೊಡೆದು ತುಂಬಿ, ಇಲ್ಲದಿದ್ದರೆ ನಮ್ಮ ಮಳೆಗೆ ಬೇರು ಕೊಳೆಯುತ್ತದೆ.