ಹಾಲಿನ ಪಾಕೀಟಿನ ಮೂಲೆಗೆ ಕತ್ತರಿ ಇಡುವ ಮುನ್ನ

ಪುಣೆಯ ನಮ್ಮ ಕನ್ನಡದ ಮನೆಗಳಲ್ಲಿ ಎರಡು ಕಸದ ಡಬ್ಬಿ ಇಲ್ಲದ ಅಡುಗೆಮನೆ ಈಗ ಹುಡುಕಿದರೂ ಸಿಗದು. ಒಂದು ಹಸಿರು, ಒಂದು ನೀಲಿ. ಓಲಾ ಕಚರಾ, ಸುಕಾ ಕಚರಾ, ಅಂದರೆ ಹಸಿ ಕಸ, ಒಣ ಕಸ. ಡಬ್ಬಿ ತಂದಿಟ್ಟ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ ಈಗಿನ ಮಕ್ಕಳು. ಆ ನೀಲಿ ಡಬ್ಬಿಯ ಮುಚ್ಚಳ ತೆಗೆದು ನೋಡಿ. ತಳದಲ್ಲಿ ಮೊಸರು ಉಳಿದ ಕಪ್ಪು, ಸಾರು ಮೆತ್ತಿದ ಪಾರ್ಸೆಲ್ ಡಬ್ಬಿ, ಇನ್ನೂ ತೊಟ್ಟಿಕ್ಕುತ್ತಿರುವ ಹಾಲಿನ ಪಾಕೀಟು, ಅದೆಲ್ಲದರ ಅಡಿಗೆ ತೊಯ್ದು ಮುದ್ದೆಯಾದ ಪೇಪರು. ಇದನ್ನು ಒಣ ಕಸ ಅಂತ ಬಾಗಿಲಲ್ಲಿ ಇಡುತ್ತೀರಲ್ಲ, ಎತ್ತಿಕೊಂಡು ಹೋಗುವ ಮಾವಶಿಯ ಮುಖವನ್ನು ಒಂದು ಸಲವಾದರೂ ನೋಡಿದ್ದೀರಾ?

ಆಕೆ ಯಾರು ಅಂತ ಮೊದಲು ತಿಳಿದುಕೊಳ್ಳಿ. ಚಿಂದಿ ಆಯುವವರೇ ಸೇರಿ 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್ ಅಂತ ಸಂಘ ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ’ ಸಹಕಾರಿ ಸಂಸ್ಥೆಗೆ ಪುಣೆ ಮಹಾನಗರಪಾಲಿಕೆ 2008ರಲ್ಲಿ ಮನೆಮನೆಯ ಕಸ ಎತ್ತುವ ಕೆಲಸ ಒಪ್ಪಿಸಿತು. ತಿಂಗಳಿಗೆ ನಾವು ಕೊಡುವ ಶುಲ್ಕ ಒಂದು ಕಡೆ. ಕಾಗದ, ಪ್ಲಾಸ್ಟಿಕ್, ಗಾಜು, ಡಬ್ಬಿ ಆರಿಸಿ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಮಾರಿ ಬಂದ ಹಣವೂ ಅವರದೇ ಸಂಪಾದನೆ. ನೀವು ಹಾಲು ಚೆಲ್ಲಿ ಕೆಡಿಸಿದ ಒಂದು ಕಟ್ಟು ಪೇಪರು ಆಕೆಯ ಅವತ್ತಿನ ಕೂಲಿಯಲ್ಲಿ ಕಡಿಮೆಯಾಗುತ್ತದೆ. ಒದ್ದೆ ರದ್ದಿಯನ್ನು ಯಾವ ರದ್ದಿವಾಲಾನೂ ತೂಕಕ್ಕೆ ಹಾಕಿಕೊಳ್ಳುವುದಿಲ್ಲ.

ರಾಜ್ಯದ ತುಂಬ ಅಭಿಯಾನಗಳಿಗೇನೂ ಕೊರತೆಯಿಲ್ಲ. ಕಸಬರಿಗೆ ಹಿಡಿದು ಊರೂರು ಗುಡಿಸಿದ ಗಾಡಗೇ ಬಾಬಾ ಅವರ ಹೆಸರಿನಲ್ಲಿ 2000-01ರಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನ ಶುರುವಾದಾಗ ಮಹಾರಾಷ್ಟ್ರದ ಹಳ್ಳಿಗಳು ಪೈಪೋಟಿಗೆ ಬಿದ್ದು ಓಣಿ ತೊಳೆದವು. 2020ರ ಅಕ್ಟೋಬರ್ 2ರಿಂದ ‘ಮಾಝೀ ವಸುಂಧರಾ’ ನಡೆದಿದೆ. ಭೂಮಿ, ನೀರು, ಗಾಳಿ, ಅಗ್ನಿ, ಆಕಾಶ ಅಂತ ಪಂಚಭೂತಗಳ ಲೆಕ್ಕದಲ್ಲಿ ಊರುಗಳಿಗೆ ಅಂಕ ಕೊಡುತ್ತಾರೆ. ಒಳ್ಳೆಯದೇ. ಆದರೆ ಪ್ರತಿಜ್ಞೆ ಓದಿ ಫೋಟೋ ತೆಗೆಸಿಕೊಂಡು ಬಂದು ಅದೇ ಸಂಜೆ ಹಸಿ-ಒಣ ಕಲಸಿ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಿಂಧುದುರ್ಗದ ವೆಂಗುರ್ಲಾ ಎಷ್ಟು ಸಣ್ಣ ಊರು! ಅಲ್ಲಿ ಕಸ ಮನೆಯಲ್ಲೇ ಬೇರೆಯಾಗಿ ಬರುತ್ತದೆ, ಹಾಗಾಗಿ ಹಸಿ ಕಸದಿಂದ ಬಯೋಗ್ಯಾಸ್ ಆಗುತ್ತದೆ, ಕಸ ಸುರಿಯುತ್ತಿದ್ದ ಜಾಗ ಉದ್ಯಾನವಾಗಿದೆ. ಇತ್ತ ದೊಡ್ಡ ಪುಣೆಯ ಕಲಸಿದ ಕಸದ ವಾಸನೆಯನ್ನು, ಅದನ್ನು ತಂದು ಸುರಿಯುತ್ತಿದ್ದ ಉರುಳಿ ದೇವಾಚಿ, ಫುರಸುಂಗಿಯ ಜನ ವರ್ಷಗಟ್ಟಲೆ ಕುಡಿದರು. ವೆಂಗುರ್ಲಾದವರು ಮಾಡಿದ್ದು ಅಡುಗೆಕಟ್ಟೆಯ ಮೇಲಿನ ಕೆಲಸ, ಮತ್ತೇನಲ್ಲ.

ಆದ್ದರಿಂದ ಹಾಲಿನ ಪಾಕೀಟಿಗೆ ಬರುತ್ತೇನೆ. ದಿನವೂ ಪ್ರತಿ ಮನೆಯಲ್ಲಿ ಒಂದೋ ಎರಡೋ ಒಡೆಯುವ ವಸ್ತು ಇದು. ಇದೊಂದು ಸರಿಹೋದರೆ ಉಳಿದ ಒಣ ಕಸ ತಾನೇ ಅರ್ಧ ಸರಿಹೋಗುತ್ತದೆ.

ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಉಗುರಿನಷ್ಟಿರುವ ಆ ತುಂಡು ಸಿಂಕಿನ ಜಾಲರಿ ದಾಟುತ್ತದೆ, ಗುಡಿಸಿದರೆ ಗಾಳಿಗೆ ಹಾರುತ್ತದೆ, ಮಾವಶಿಯ ಬೆರಳಿಗೂ ಸಿಗುವುದಿಲ್ಲ. ಕೊನೆಗೆ ಗಟಾರ, ಅಲ್ಲಿಂದ ಮುಳಾ-ಮುಠಾ ನದಿ. ಪಾಕೀಟನ್ನು ಪಾತ್ರೆಯ ಮೇಲೆ ನಿಲ್ಲಿಸಿ ಹಿಡಿಯಿರಿ, ಮೂಲೆಯಲ್ಲಿನ ಹಾಲನ್ನು ಬೆರಳಲ್ಲಿ ಕೆಳಗೆ ಒತ್ತಿ, ಒಂದು ಬೆರಳಗಲ ಬಿಟ್ಟು ಓರೆಯಾಗಿ ಕತ್ತರಿ ಹಾಕಿ, ಅಂಚು ಮುಟ್ಟುವ ಮೊದಲೇ ನಿಲ್ಲಿಸಿ. ಮೂಲೆ ಜೋತಾಡುತ್ತ ಪಾಕೀಟಿಗೇ ಅಂಟಿಕೊಂಡಿರಬೇಕು. ಹಲ್ಲಿನಲ್ಲಿ ಕಚ್ಚಿ ಹರಿಯುವುದು, ಚಾಕು ಚುಚ್ಚುವುದು ಬೇಡ. ಹಾಲಿಗೆಂದೇ ಒಂದು ಸಣ್ಣ ಕತ್ತರಿ ಮೊಳೆಗೆ ನೇತುಹಾಕಿ.

ಇಲ್ಲೇ ಇನ್ನೊಂದು ಮಾತು. ಹಾಲು ಸುರಿಯುವ ಮೊದಲು ಪಾತ್ರೆಯ ತಳ ತೋಯುವಷ್ಟು ನೀರು ಹಾಕಿ ತಿರುಗಿಸಿ. ತಳ ಹಿಡಿಯುವುದಿಲ್ಲ. ಹೊತ್ತಿಸಿದ ಪಾತ್ರೆಯನ್ನು ತಂತಿನಾರಿನಿಂದ ಅರ್ಧ ಗಂಟೆ ಕೆರೆಯುತ್ತ ನಿಲ್ಲುವವರಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲವೇ?

ಹಾಲು ಸುರಿದ ಮೇಲೆ ಪಾಕೀಟಿಗೆ ಎರಡು ಚಮಚ ತಣ್ಣೀರು ಹಾಕಿ, ಬಾಯಿ ಹಿಡಿದು ಕುಲುಕಿ, ಆ ನೀರನ್ನು ಚಹಾದ ಪಾತ್ರೆಗೆ ಬಗ್ಗಿಸಿ. ಬಿಸಿನೀರು ಮಾತ್ರ ಬೇಡ. ಬಿಸಿ ತಾಗಿದರೆ ಹಾಲಿನ ಸತ್ವ ಬೆಂದು ಪ್ಲಾಸ್ಟಿಕ್ಕಿಗೆ ಪೊರೆಯಾಗಿ ಹಿಡಿಯುತ್ತದೆ, ಆಮೇಲೆ ಉಜ್ಜಿದರೂ ಬಿಡುವುದಿಲ್ಲ. ಈಗ ಪಾಕೀಟಿನ ಮೇಲಿನ ಅಂಚನ್ನು ಉದ್ದಕ್ಕೆ ಸೀಳಿ. ಇಲ್ಲೂ ತುದಿಯಲ್ಲಿ ಎರಡು ಬೆರಳಿನಷ್ಟು ಬಿಡಬೇಕು, ಪಟ್ಟಿ ಬೇರೆಯಾಗಿ ಬೀಳಬಾರದು. ಕೈ ಒಳಗೆ ಹಾಕಿ ದಿಂಬಿನ ಗಲೀಫು ತಿರುವಿದಂತೆ ಒಳಗಿನದನ್ನು ಹೊರಗೆ ಮಾಡಿ. ಜಿಡ್ಡೆಲ್ಲ ಕೆಳಗಿನ ಎರಡು ಮೂಲೆಗಳಲ್ಲಿ ಕುಳಿತಿರುತ್ತದೆ. ಮೇಲಿಂದ ನೀರು ಬಿಟ್ಟು ತೊಳೆದೆ ಅನ್ನುವವರ ಪಾಕೀಟು ಮರುದಿನ ನಾರುವುದು ಅದಕ್ಕೇ.

ಇದಕ್ಕೆಂದು ನಲ್ಲಿ ಬಿಟ್ಟು ನಿಲ್ಲಬೇಡಿ. ಖಡಕವಾಸಲಾ ಅಣೆಕಟ್ಟಿನಿಂದ ಬರುವ ನೀರು ಪಾಕೀಟು ತೊಳೆಯಲಿಕ್ಕಲ್ಲ. ಪಾತ್ರೆಗಳನ್ನು ಕೊನೆಯ ಸಲ ಜಾಲಿಸಿದ ನೀರು ಬೋಗುಣಿಯಲ್ಲಿ ಉಳಿದಿರುತ್ತದಲ್ಲ, ಅದರಲ್ಲಿ ಅದ್ದಿ, ಪಾತ್ರೆ ತಿಕ್ಕಿದ ನಾರಿನಲ್ಲಿ ಉಳಿದ ಸೋಪಿನಲ್ಲೇ ಒಂದು ಕೈ ಆಡಿಸಿ, ಮತ್ತೊಮ್ಮೆ ಅದ್ದಿ ಝಾಡಿಸಿದರೆ ಆಯಿತು.

ಒಣಗಿಸುವಲ್ಲಿ ಎಲ್ಲರೂ ಎಡವುತ್ತಾರೆ. ತೊಳೆದ ಪಾಕೀಟನ್ನು ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸುವ ರೂಢಿ ಮನೆಮನೆಯಲ್ಲೂ ಇದೆ. ಗೋಡೆಯ ಕಡೆಗಿನ ಮೈ ಒಣಗುವುದೇ ಇಲ್ಲ, ಎರಡು ದಿನಕ್ಕೆ ಕಪ್ಪು ಬೂಷ್ಟು ಹಿಡಿಯುತ್ತದೆ. ತಿರುವಿದ ಪಾಕೀಟನ್ನು ಬಾಯಿ ಕೆಳಗೆ ಮಾಡಿ ಕ್ಲಿಪ್ಪಿನಲ್ಲಿ ಹಗ್ಗಕ್ಕೆ ತೂಗುಹಾಕಿ, ಬಾಯಿ ಅಗಲವಾಗಿ ತೆರೆದಿರಲಿ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಾಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನ ಬೇಕು, ಫ್ಯಾನಿನ ಗಾಳಿ ತಾಗುವ ಕಡೆ ಹಾಕಿ. ಒಣಗಿತೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಉಜ್ಜಿ. ಒಣಗಿದ್ದು ಚರಚರ ಅನ್ನುತ್ತದೆ, ಒದ್ದೆಯದು ಮೂಕಾಗಿರುತ್ತದೆ. ಆಮೇಲೆ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಮತ್ತೆ ತೊಳೆಯಿರಿ.

ಒಣಗಿದ್ದನ್ನು ಚಪ್ಪಟೆ ಮಾಡಿ ಒಂದರ ಮೇಲೊಂದು ಇಡಿ. ಗಂಟು ಹಾಕುವುದು, ಸುರುಳಿ ಸುತ್ತಿ ರಬ್ಬರ್ ಹಾಕುವುದು, ಒಂದರೊಳಗೆ ಹತ್ತು ತುರುಕುವುದು, ಇವೆಲ್ಲ ಅಚ್ಚುಕಟ್ಟು ಅನಿಸಬಹುದು, ಆದರೆ ಆರಿಸುವವರು ಒಂದೊಂದನ್ನೂ ಬಿಚ್ಚಬೇಕು. ಕೂಡಿಡಲು ಬಟ್ಟೆಯ ಚೀಲವೇ ಇರಲಿ. ಪ್ಲಾಸ್ಟಿಕ್ ಚೀಲದೊಳಗೆ ಉಳಿದ ತೇವ ಬೆವರುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಹೇಳುತ್ತೇನೆ. ಈ ಪಾಕೀಟುಗಳನ್ನು ಚೂರು ಮಾಡಿ, ಕರಗಿಸಿ, ಪ್ಲಾಸ್ಟಿಕ್ ದಾಣಾ, ಅಂದರೆ ಸಣ್ಣ ಕಾಳು, ಮಾಡುತ್ತಾರೆ. ಅದರಿಂದ ಕಸದ ಚೀಲ, ಕಪ್ಪು ಪೈಪು ಆಗುತ್ತವೆ. ತೇವ ಉಳಿದಿದ್ದರೆ ಕರಗಿಸುವಾಗ ಆವಿಯೆದ್ದು ದಾಣಾದೊಳಗೆ ಗುಳ್ಳೆ ಬೀಳುತ್ತದೆ, ಹಾಲಿನ ಜಿಡ್ಡು ಸುಟ್ಟು ಹೊಗೆಯಾಗುತ್ತದೆ. ಮಾಲು ಕೆಟ್ಟರೆ ಬೆಲೆ ಬೀಳುತ್ತದೆ, ಬೆಲೆ ಬಿದ್ದ ಮಾಲನ್ನು ಆರಿಸುವವರೂ ಇರುವುದಿಲ್ಲ. ಮಹಾರಾಷ್ಟ್ರ ಸರ್ಕಾರ 2018ರ ಮಾರ್ಚ್ 23ರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಹಾಲಿನ ಪಾಕೀಟು 50 ಮೈಕ್ರಾನ್‌ಗಿಂತ ತೆಳುವಾಗಿರಕೂಡದು, 50 ಪೈಸೆಯ ಮರುಖರೀದಿ ಬೆಲೆಯನ್ನು ಅದರ ಮೇಲೆ ಅಚ್ಚು ಹಾಕಬೇಕು ಅಂತ ಹೇಳಿತ್ತು. ಆ ಐವತ್ತು ಪೈಸೆಗಾಗಿ ಕಾಯುತ್ತ ಕೂರಬೇಕಿಲ್ಲ, ಪಾಕೀಟು ಶುದ್ಧವಿದ್ದರೆ ಭಂಗಾರದಲ್ಲಿ ಅದಕ್ಕೆ ಬೆಲೆ ಇದ್ದೇ ಇದೆ. ಮುಂಬಯಿಯಲ್ಲಿ ಆರೇ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ಕಾಲದಲ್ಲಿ ತೊಳೆದ ಖಾಲಿ ಬಾಟಲಿ ಕೊಟ್ಟು ತುಂಬಿದ್ದನ್ನು ತರುತ್ತಿದ್ದರು. ಯಾವ ಮನೆಯಲ್ಲೂ ಅದನ್ನು ತೊಳೆಯುವುದು ಹೆಚ್ಚಿನ ಕೆಲಸ ಅನಿಸಿರಲಿಲ್ಲ.

ಮೊಸರಿನ ಪಾಕೀಟಿಗೂ ಇದೇ ವಿಧಾನ. ಎಣ್ಣೆಯದು ಬೇರೆ. ಅದನ್ನು ನೀರಲ್ಲಿ ತೊಳೆಯಲು ಹೋದರೆ ಸಿಂಕೂ ಜಿಡ್ಡು, ಕೈಯೂ ಜಿಡ್ಡು. ಸೀಳಿ ತೆರೆದು ಒಂದು ಹಿಡಿ ಗೋದಿ ಹಿಟ್ಟು ಹಾಕಿ ಎಲ್ಲ ಕಡೆ ತಿಕ್ಕಿ, ಎಣ್ಣೆ ಹಿಟ್ಟಿಗೆ ಬರುತ್ತದೆ, ಆ ಹಿಟ್ಟನ್ನು ಚಪಾತಿಗೆ ಕಲಸಿ. ಎಣ್ಣೆ ಪಾಕೀಟಿಗೆ ಹಲವು ಪದರ ಇರುತ್ತವೆ, ಹಾಲಿನದರ ಜೊತೆ ಸೇರಿಸಬೇಡಿ.

ಚಿಪ್ಸ್, ಬಿಸ್ಕೀಟಿನ ಹೊಳೆಯುವ ಚೀಲಗಳನ್ನು ಅಲ್ಯುಮಿನಿಯಂ ಅಂತ ತಿಳಿದು ಬೇರೆ ಇಡುವವರಿದ್ದಾರೆ. ಮುಷ್ಟಿಯಲ್ಲಿ ಹಿಸುಕಿ ಬಿಡಿ. ಮುದುಡಿದ್ದು ಹಾಗೇ ಉಳಿದರೆ ಫಾಯಿಲ್, ಅರಳಿಕೊಂಡರೆ ಪದರ ಪ್ಲಾಸ್ಟಿಕ್. ಎರಡನೆಯದನ್ನು ಭಂಗಾರದವನು ಮುಟ್ಟುವುದಿಲ್ಲ, ಅದನ್ನು ಕಡಿಮೆ ಕೊಳ್ಳುವುದೇ ದಾರಿ. ಚಹಾದ ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಅಂಗಡಿಯ ಹೊಳಪು ಬಿಲ್ಲಿಗೆ ರಾಸಾಯನಿಕ ಲೇಪ ಇರುತ್ತದೆ. ಎರಡೂ ರದ್ದಿಗೆ ಬೇಡ. ಪಿಝಾ ಡಬ್ಬಿಯ ಎಣ್ಣೆ ಹಿಡಿದ ತಳ ಹರಿದು ಹಸಿ ಕಸಕ್ಕೆ ಹಾಕಿ, ಒಣ ಮುಚ್ಚಳ ರದ್ದಿಗೆ.

ಒಡೆದ ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ‘ಕಾಚ’ ಅಂತ ದೊಡ್ಡದಾಗಿ ಮರಾಠಿಯಲ್ಲಿ ಬರೆದು, ಕೈಯಲ್ಲೇ ಕೊಡಿ. ಬ್ಲೇಡು, ಸೂಜಿ ತಗಡಿನ ಡಬ್ಬಿಯಲ್ಲಿ ಕೂಡಿಡಿ. ಪ್ಯಾಡು, ಡಯಾಪರ್ ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಬೇರೆ ಕೊಡಬೇಕು, ‘ರೆಡ್ ಡಾಟ್’ ಅಂತ ಸ್ವಚ್ಛದವರೇ ಪುಣೆಯಲ್ಲಿ ರೂಢಿಗೆ ತಂದ ಕ್ರಮ ಇದು. ಕೆಂಪು ಲಿಪ್‌ಸ್ಟಿಕ್ಕಾದರೂ ಸರಿ, ಸ್ಕೆಚ್ ಪೆನ್ನಾದರೂ ಸರಿ, ಚುಕ್ಕೆ ಕಾಣಬೇಕು. ಬರಿಗೈಯಲ್ಲಿ ಅದನ್ನು ಬಿಚ್ಚುವ ಗತಿಯನ್ನು ಇನ್ನೊಬ್ಬ ಹೆಂಗಸಿಗೆ ತರಬೇಡಿ.

ಹಸಿ ಕಸದ ಮಾತು ಬೇಗ ಮುಗಿಸುತ್ತೇನೆ, ಅದರಲ್ಲಿ ಗುಟ್ಟೇನಿಲ್ಲ. ಧಾರವಾಡ, ವಿಜಾಪುರದ ಕಡೆ ಹಿತ್ತಲಿಗೆ ತಿಪ್ಪೆಗುಂಡಿ, ಮುಸುರೆ ನೀರು ಎಮ್ಮೆಗೆ, ಬೂದಿ ಪಾತ್ರೆಗೆ, ಬೇರೆ ಕಸವೆಂಬುದೇ ಇರಲಿಲ್ಲ. ಇಲ್ಲಿ ಬಾಲ್ಕನಿಗೆ ತೂತಿರುವ ಎರಡು ಬಕೆಟ್ ಸಾಕು. ತಳಕ್ಕೆ ತೆಂಗಿನ ನಾರು, ಮೇಲೆ ಹಿಡಿ ಹಳೆಯ ಗೊಬ್ಬರ ಇಲ್ಲವೇ ಹುಳಿ ಮಜ್ಜಿಗೆ ಚಿಮುಕಿಸಿದ ಮಣ್ಣು. ಸಿಪ್ಪೆ ಎಷ್ಟು ಹಾಕುತ್ತೀರೋ ಅದಕ್ಕಿಂತ ಹೆಚ್ಚೇ ಒಣ ಎಲೆ ಮೇಲೆ ಮುಚ್ಚಬೇಕು. ಹುಳಿ ನಾತ ಬಂದರೆ ಗಾಳಿ ಸಾಲದು, ಕೆದಕಿ. ಮೂಗಿಗೆ ಚುಚ್ಚುವ ವಾಸನೆಯಾದರೆ ಎಲೆ ಕಡಿಮೆ. ಇರುವೆ ಹತ್ತಿದರೆ ಒಣಗಿದೆ, ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣುವಷ್ಟು ತೇವ ಸರಿ. ಬಿಳಿ ಹುಳು ಕಂಡು ಕಿರುಚಿ ಎಲ್ಲ ಚೆಲ್ಲಬೇಡಿ, ಅವೂ ಕೆಲಸ ಮಾಡುತ್ತಿವೆ. ತೆಂಗಿನ ಚಿಪ್ಪು ಮಾತ್ರ ಹಾಕಬೇಡಿ, ಕೊಳೆಯುವುದಿಲ್ಲ.

ಎಲೆಗೆ ಮಳೆಗಾಲದಲ್ಲಿ ಪರದಾಡುವುದು ಬೇಡ. ಹೋಳಿಯ ಆಸುಪಾಸಿನಲ್ಲಿ ಸೊಸೈಟಿಯ ಗಿಡಗಳೆಲ್ಲ ಉದುರಿಸುತ್ತವೆ, ಆಗಲೇ ಗೋಣಿಯಲ್ಲಿ ತುಳಿದು ತುಂಬಿಡಿ. ವಾಚ್‌ಮನ್ ಅದಕ್ಕೆ ಬೆಂಕಿ ಇಡುವುದನ್ನು ನೋಡಿಯೂ ಮಹಡಿಯಿಂದ ಸುಮ್ಮನಿರುವವರನ್ನು ಏನೆನ್ನಬೇಕು? ಹೆಚ್ಚಿದ್ದವರ ಎಲೆಯನ್ನು ಬೇಕಾದವರಿಗೆ ತಲುಪಿಸುವ ‘ಬ್ರೌನ್ ಲೀಫ್’ ಬಳಗ ಪುಣೆಯಲ್ಲೇ ಇದೆ, ಸುಡುವ ಬದಲು ಅವರನ್ನು ಕೇಳಿ.

ಗಣಪತಿ ಹಬ್ಬದಲ್ಲಿ ನಿರ್ಮಾಲ್ಯದ ಕಲಶಕ್ಕೆ ಹಾರವನ್ನು ದಾರ, ಜರಿ, ಥರ್ಮಾಕೋಲ್ ಮಣಿ ಸಮೇತ ಎಸೆಯುವುದು ಇನ್ನೂ ನಿಂತಿಲ್ಲ. ಹೂ ಬಿಡಿಸಿ ಹಾಕಲು ಎಷ್ಟು ಹೊತ್ತು ಬೇಕು? ಮೂರ್ತಿ ಶಾಡೂ ಮಣ್ಣಿನದಿದ್ದರೆ ಬಕೆಟ್ಟಿನಲ್ಲಿ ತಾನೇ ಕರಗುತ್ತದೆ, ಆ ಮಣ್ಣು ಕುಂಡಕ್ಕೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ನೀರಲ್ಲಿ ಕರಗುವುದಿಲ್ಲ. ಅದಕ್ಕೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಅಮೋನಿಯಂ ಬೈಕಾರ್ಬನೇಟಿನ ವಿಧಾನ ಕೊಟ್ಟಿದ್ದಾರೆ. ಬಕೆಟ್ಟಿನ ನೀರಿಗೆ ಅದನ್ನು ಹಾಕಿ, ಮೂರ್ತಿ ಮುಳುಗಿಸಿ, ಆಗಾಗ ಕೋಲಾಡಿಸಬೇಕು, ಕಿಟಕಿ ತೆರೆದಿರಬೇಕು.

ಸೊಸೈಟಿಯವರು ಸೇರಿ ಮಾಡುವ ಕೆಲಸಕ್ಕೆ ಸಭೆ, ಬ್ಯಾನರ್ ಬೇಕಿಲ್ಲ. ವಾಚ್‌ಮನ್ ಕೋಣೆಯ ಪಕ್ಕ, ಮಳೆ ಬೀಳದ ಕಡೆ, ಒಂದು ಗೋಣಿ ತೂಗುಹಾಕಿ, ಹಾಲಿನ ಪಾಕೀಟಿಗೆ ಮಾತ್ರ. ಪಕ್ಕದಲ್ಲಿ ಮುಚ್ಚಳವಿರುವ ಒಂದು ಪೆಟ್ಟಿಗೆ, ಸತ್ತ ಸೆಲ್ಲು, ಚಾರ್ಜರಿಗೆ. ಟ್ಯೂಬ್‌ಲೈಟ್ ಒಡೆಯದೆ ನಿಲ್ಲಿಸಲು ಒಂದು ಮೂಲೆ ಇರಲಿ, ಅದರೊಳಗೆ ಪಾದರಸ ಇದೆ. ಹಳೆ ಸೀರೆ, ಪ್ಯಾಂಟು ಇದ್ದರೆ, ಅದಕ್ಕೆ ಬದಲಾಗಿ ಕೊಡಲು ಸ್ಟೀಲ್ ಪಾತ್ರೆ ಹೊತ್ತು ಬರುವ ಬೋಹಾರಿಣಿಯನ್ನು ಗೇಟಿನಲ್ಲಿ ತಡೆಯದಿರಲು ಹೇಳಿ. ಪಾಕೀಟಿನ ಗೋಣಿಗೆ ಯಾರಾದರೂ ಒದ್ದೆಯದನ್ನು ಹಾಕಿದರೆ ಮೊದಲ ವಾರವೇ ಮನೆ ಕೇಳಿ ವಾಪಸು ಕೊಡಿ, ಮುಲಾಜು ಬೇಡ. ಒಂದು ಒದ್ದೆ ಪಾಕೀಟು ಕೆಳಗಿನ ಐವತ್ತನ್ನು ಕೆಡಿಸುತ್ತದೆ. ಗೋಣಿ ಕುತ್ತಿಗೆಯವರೆಗೆ ತುಂಬಿದಾಗ ಒತ್ತಿ, ಬಾಯಿ ಹೊಲಿದು, ಮಾವಶಿ ಬರುವ ಹೊತ್ತಿಗೆ ಕೆಳಗೆ ಇಳಿಸಿಡಿ. ಮಾರಿದ ಹಣ ಪೂರ್ತಿ ಆಕೆಗೇ ಹೋಗಲಿ, ಸೊಸೈಟಿಯ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.