ವಾಸಿಯಾಗದ ಗಾಯ, ಅತ್ತೆಯವರ ಸಂಜೆಗಳು ಮತ್ತು ನನ್ನ ನಿದ್ರೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಅತ್ತೆಯವರ ಮರೆವಿನ ಕಾಯಿಲೆಗೆ ನಾಲ್ಕನೆಯ ವರ್ಷ ನಡೆಯುತ್ತಿದ್ದಾಗ, ಹಲಸಿನಕಾಯಿ ಕೊರೆಯುವಾಗ ಮೆಟ್ಟುಕತ್ತಿ ತಾಗಿ ನನ್ನ ಎಡಗೈಯ ಹೆಬ್ಬೆರಳಿಗೆ ಸಣ್ಣದೊಂದು ಗಾಯವಾಯಿತು. ಹತ್ತು ದಿನಗಳಲ್ಲಿ ಒಣಗಬೇಕಾಗಿದ್ದ ಆ ಗಾಯ ಐದು ವಾರ ಕಳೆದರೂ ಒಣಗಲಿಲ್ಲ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿದೆ, ದೋಷವೇನೂ ಇರಲಿಲ್ಲ. ಅತ್ತೆಯವರನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ (ಉಪಶಾಮಕ ಆರೈಕೆ) ವಿಭಾಗದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ನರ್ಸ್ ಆ ದಿನ ನನ್ನ ಬೆರಳನ್ನು ಗಮನಿಸಿ, ನನ್ನ ರಕ್ತದೊತ್ತಡವನ್ನೂ ಅಳೆದರು. 150/96 ಇತ್ತು. ನಾನು ಕೊನೆಯದಾಗಿ ಒಂದು ರಾತ್ರಿ ಪೂರ್ತಿ ಮಲಗಿದ್ದು ಯಾವಾಗ ಎಂದು ಅವರು ಮಲಯಾಳದಲ್ಲಿ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಆಗ ನನಗೆ ನಲವತ್ತೆಂಟು ವರ್ಷ.

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು, ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳಿಂದ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಸ್ರವಿಸುವ ಬಗೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳುತ್ತಾ ಬಂದವಳು. ಆದರೂ ಒತ್ತಡಕ್ಕೂ ನನ್ನ ಬೆರಳಿನ ಒಣಗದ ಗಾಯಕ್ಕೂ ನಂಟಿರಬಹುದೆಂದು ಯೋಚಿಸಿರಲಿಲ್ಲ. ಆ ಬಳಿಕ ಓದಿದವುಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಗಾಯ ಮಾಡಿ ನೋಡಿದಾಗ, ಅಂಥ ಹೊಣೆ ಇಲ್ಲದ ಸಮವಯಸ್ಕರಿಗಿಂತ ಅವರ ಗಾಯ ಒಣಗಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಗಿತ್ತು. 2004ರಲ್ಲಿ ಎಲಿಸ್ಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಪ್ರಕಟಿಸಿದ ಅಧ್ಯಯನವು ದೀರ್ಘಕಾಲದ ಕಾಯಿಲೆಯಿರುವ ಮಕ್ಕಳ ತಾಯಂದಿರ ಬಿಳಿ ರಕ್ತಕಣಗಳಲ್ಲಿ ಟೆಲೊಮಿಯರುಗಳನ್ನು ಅಳೆದಿತ್ತು. ಓಲೆಚಾಪೆಯ ಅಂಚು ಬಿಚ್ಚಿದರೆ ಹೆಣಿಗೆ ಸಡಿಲಾಗುವಂತೆ, ವರ್ಣತಂತುಗಳ ಈ ತುದಿಗಳು ತೀರಾ ಮೊಟಕಾದರೆ ಜೀವಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಆರೈಕೆಯ ವರ್ಷಗಳು ಹೆಚ್ಚಿದಷ್ಟೂ ಆ ತಾಯಂದಿರಲ್ಲಿ ಅವು ಮೊಟಕಾಗಿದ್ದವು.

ನಾನು ಮೊದಲು ಮಾಡಿದ್ದು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸ: ರಾತ್ರಿ ಎಷ್ಟು ಸಲ ಎದ್ದೆ, ಬೆಳಗಿನ ರಕ್ತದೊತ್ತಡ ಎಷ್ಟು, ಆ ದಿನ ಸಿಟ್ಟು ಬಂದದ್ದು ಯಾವಾಗ. ಮೂರು ವಾರಗಳಾಗುವಾಗ, ಶಾಲೆಯ ಕೆಲಸವಾಗಲೀ ಅಡುಗೆಯಾಗಲೀ ಅತ್ತೆಯವರನ್ನು ಮೀಯಿಸುವುದಾಗಲೀ ಅದರಲ್ಲಿ ಹೆಚ್ಚು ಕಾಣಿಸಿಕೊಂಡಿಲ್ಲವೆಂದು ತಿಳಿಯಿತು. ಮತ್ತೆ ಮತ್ತೆ ಬಂದದ್ದು ಎರಡೇ, ಮುಸ್ಸಂಜೆಯ ಜಗಳ ಮತ್ತು ತುಂಡು ತುಂಡಾದ ನಿದ್ರೆ. ದೇಹವನ್ನು ಸವೆಸುವುದು ಒತ್ತಡ ಬಂದದ್ದಕ್ಕಿಂತ ಅದು ಮುಗಿಯದೇ ಉಳಿದದ್ದು ಎಂಬುದು ಈ ಪುಸ್ತಕದಿಂದ ನನಗೆ ಮನದಟ್ಟಾಯಿತು. ಹೀಗೆ ಪದೇ ಪದೇ ಒತ್ತಡಕ್ಕೆ ಸಜ್ಜಾಗುವುದಕ್ಕೆ ದೇಹ ತೆರುವ ಬೆಲೆಯನ್ನು ಬ್ರೂಸ್ ಮೆಕ್ಈವನ್ ಮತ್ತು ಎಲಿಯಟ್ ಸ್ಟೆಲ್ಲರ್ 1993ರಲ್ಲಿ 'ಅಲೋಸ್ಟ್ಯಾಟಿಕ್ ಲೋಡ್' ಎಂದು ಕರೆದಿದ್ದರು.

ದೀಪ ಹಚ್ಚುವ ಹೊತ್ತಿಗೆ ಅತ್ತೆಯವರು ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಕೂಸೇ, ಕತ್ತಲೆ ಆಗುತ್ತಾ ಬಂತು, ಅಣ್ಣ ಕಾಯುತ್ತಿರುತ್ತಾನೆ, ನಾನು ಮನೆಗೆ ಹೋಗಬೇಕು" ಎನ್ನುತ್ತಿದ್ದರು. ಅಣ್ಣ ತೀರಿಹೋಗಿ ಇಪ್ಪತ್ತು ವರ್ಷವಾಯಿತೆಂದು ನಾನು ದಿನವೂ ತಿದ್ದುತ್ತಿದ್ದೆ. ಅವರಿಗೆ ಅದು ದಿನವೂ ಹೊಸ ಸಾವು. ಅದನ್ನು ನೆನೆದರೆ ಈಗಲೂ ಕರುಳು ಹಿಂಡುತ್ತದೆ. ತಿದ್ದುವುದನ್ನು ಬಿಟ್ಟು, "ಹೋಗುವ ಅತ್ತೆ, ನಾನೂ ಬರುತ್ತೇನೆ" ಎಂದು ಕೈಹಿಡಿದು ಅಂಗಳ ದಾಟಿ, ಅಡಿಕೆ ತೋಟದ ಬದಿಯಿಂದ ನೀರಿಗಾಗಿ ಗುಡ್ಡದೊಳಕ್ಕೆ ಕೊರೆದ ಸುರಂಗದ ನೀರು ಬೀಳುವ ಕೆರೆಯ ತನಕ ನಡೆಸಿಕೊಂಡು ಹೋಗತೊಡಗಿದೆ. ಅಲ್ಲಿ ಮುಖ ತೊಳೆಸಿ, ಅಣ್ಣನ ಸಂಗತಿ ಏನಾದರೂ ಕೇಳುತ್ತಿದ್ದೆ. ಅತ್ತೆಯವರು ಸಂತೋಷದಿಂದ ಹೇಳುತ್ತಾ, ಮರಳಿ ಅದೇ ಬಾಗಿಲಿಗೆ ಬಂದಾಗ ಮನೆ ತಲುಪಿದೆವೆಂದೇ ಭಾವಿಸುತ್ತಿದ್ದರು. ಎಲ್ಲ ದಿನವೂ ಹೀಗೆ ಆಗಲಿಲ್ಲ, ಆದರೆ ಹೆಚ್ಚಿನ ದಿನಗಳಲ್ಲಿ ಆಯಿತು.

ರಾತ್ರಿಯ ವಿಷಯದಲ್ಲಿ ಮನೆಯವರೊಂದಿಗೆ ಗಟ್ಟಿಯಾಗಿ ಮಾತನಾಡಬೇಕಾಯಿತು. ವಾರದಲ್ಲಿ ಮೂರು ರಾತ್ರಿ ಅವರು ತಮ್ಮ ತಾಯಿಯ ಕೋಣೆಯಲ್ಲಿ, ನಾನು ಉಪ್ಪರಿಗೆಯಲ್ಲಿ. ಮೊದಲ ಕೆಲವು ರಾತ್ರಿ ಕೆಳಗಿನ ಸದ್ದಿಗೆ ಕಿವಿಗೊಟ್ಟೇ ಮಲಗಿದ್ದೆ. ಎರಡನೆಯ ವಾರದಲ್ಲಿ ನಿದ್ರೆ ಬಂತು. ಉಸಿರಾಟದ ಅಭ್ಯಾಸ ಮಾಡಿ ಎಂದು ಅನೇಕರು ಹೇಳಿದ್ದರು, ಅದನ್ನೂ ಬೆಳಿಗ್ಗೆ ಹತ್ತು ನಿಮಿಷ ಮಾಡಿದೆ. ಮನಸ್ಸಿಗೆ ಹಿತವಾಯಿತು. ಆದರೆ ರಾತ್ರಿಗೆ ನಾಲ್ಕು ಸಲ ಏಳುವವಳಿಗೆ ಮೊದಲು ಬೇಕಾದದ್ದು ಪಾಳಿ ಹಂಚಿಕೊಳ್ಳುವ ಇನ್ನೊಬ್ಬರು, ಆ ಮೇಲೆ ಪ್ರಾಣಾಯಾಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆರು ತಿಂಗಳ ಬಳಿಕ ರಕ್ತದೊತ್ತಡ 132/84ಕ್ಕೆ ಬಂತು. ವೈದ್ಯರು ಕೊಟ್ಟ ಮಾತ್ರೆಯನ್ನು ಈಗಲೂ ಸೇವಿಸುತ್ತಿದ್ದೇನೆ, ಆದ್ದರಿಂದ ಎಲ್ಲವನ್ನೂ ನಿದ್ರೆಯ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ನರೆತ ಕೂದಲು ನರೆತೇ ಇದೆ. ಬಾಗಿಲಿಗೆ ಬಂದು ನಿಂತ ಅತ್ತೆಯವರನ್ನು ಕಂಡಾಗ ಎದೆ ಹೊಡೆದುಕೊಳ್ಳುವುದು ಮಾತ್ರ ನಿಂತಿದೆ.

ಬರುವ ಮೇ ತಿಂಗಳಲ್ಲಿ ಹದಿನೈದು ದಿನ ಬಂದಿರಲು ಮಂಗಳೂರಿನ ನಾದಿನಿ ಒಪ್ಪಿದ್ದಾಳೆ. ಸಂಜೆ ಯಾವ ದಾರಿಯಲ್ಲಿ ಕರೆದುಕೊಂಡು ಹೋಗಬೇಕು, ಎಲ್ಲಿ ಜಾರುತ್ತದೆ, ಅಣ್ಣನ ಬಗ್ಗೆ ಏನನ್ನು ಕೇಳಬೇಕು ಎಂಬುದನ್ನು ಅವಳಿಗಾಗಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.