ನಗರಕ್ಕೆ ಬಿಸಿಲು-ಗಾಳಿಯ ಕರೆಂಟು: ಲೆಕ್ಕ ಶುರುವಾಗಬೇಕಾದ್ದು ಪಂಪ್‌ಹೌಸಿನಿಂದ

ರಾಜ್ಯ ಸರ್ಕಾರದ ಒಡೆತನದ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಮೂರೂ ಇರುವುದು ನಮ್ಮ ಭಾಗದಲ್ಲೇ: ರಾಯಚೂರಿನ ಶಕ್ತಿನಗರ ಮತ್ತು ಯರಮರಸ್, ಬಳ್ಳಾರಿಯ ಕುಡತಿನಿ. ಹಾರುಬೂದಿ ಉಸಿರಾಡುವ ಜನ ತಮ್ಮ ಊರಿನ ನಲ್ಲಿನೀರಾದರೂ ಬಿಸಿಲು, ಗಾಳಿಯ ಕರೆಂಟಿನಲ್ಲಿ ಬರಲಿ ಎಂದರೆ ಅದು ಅತಿಯಾಸೆಯಲ್ಲ. ಆದರೆ ಸೋಲಾರ್ ಎಂದಾಕ್ಷಣ ನಗರಾಡಳಿತದ ಕಣ್ಣು ಕಚೇರಿಯ ಮಾಳಿಗೆಯ ಮೇಲೆ ಬೀಳುತ್ತದೆ. ಫ್ಯಾನು, ಕಂಪ್ಯೂಟರಿಗೆ ಖರ್ಚಾಗುವ ಯೂನಿಟ್ ಎಷ್ಟು ಮಹಾ? ಬಿಲ್ಲಿನ ಸಿಂಹಪಾಲು ನುಂಗುವುದು ಕುಡಿಯುವ ನೀರಿನ ಪಂಪುಗಳು, ಆಮೇಲೆ ಬೀದಿದೀಪಗಳು.

ಎಲ್ಲ ಆರ್‌.ಆರ್‌. ನಂಬರ್ ಒಂದೆಡೆ ತನ್ನಿ

ನಗರಾಡಳಿತದ ಹೆಸರಿನಲ್ಲಿರುವ ಪ್ರತಿ ವಿದ್ಯುತ್ ಸಂಪರ್ಕದ, ಅಂದರೆ ಪ್ರತಿ ಆರ್‌.ಆರ್‌. ನಂಬರಿನ 12 ತಿಂಗಳ ಬಿಲ್ಲನ್ನು, ನಮಗೆ ಕರೆಂಟು ಹಂಚುವ ಜೆಸ್ಕಾಂ ಕಂಪನಿಯ ಉಪವಿಭಾಗದಿಂದ ಪಡೆಯಿರಿ. ಸ್ಥಳ, ಮಂಜೂರಾದ ಲೋಡ್, ತಿಂಗಳ ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು), ದಿನದ ಯಾವ ಹೊತ್ತಿನಲ್ಲಿ ಓಡುತ್ತದೆ: ಇಷ್ಟನ್ನು ಬರೆದುಕೊಳ್ಳಿ. ಕೊನೆಯದು ಬಿಲ್ಲಿನಲ್ಲಿ ಸಿಗುವುದಿಲ್ಲ, ಪಂಪ್ ಆಪರೇಟರ್ ಮತ್ತು ವಾಲ್‌ಮನ್‌ಗಳನ್ನೇ ಕೂರಿಸಿಕೊಂಡು ಕೇಳಬೇಕು. ಬತ್ತಿದ ಕೊಳವೆಬಾವಿಗೆ ಇನ್ನೂ ಕಟ್ಟುತ್ತಿರುವ ನಿಗದಿತ ಶುಲ್ಕ, ಕೆಟ್ಟ ಮೀಟರಿಗೆ ಬರುತ್ತಿರುವ ಸರಾಸರಿ ಬಿಲ್ಲು ಇಲ್ಲೇ ಬಯಲಾಗುತ್ತವೆ. ಅವನ್ನು ಮೊದಲು ರದ್ದು ಮಾಡಿಸಿ, ಸರಿಪಡಿಸಿ.

ಎರಡು ಮೂರು ತಿಂಗಳ ಬಿಲ್ಲು ನೋಡಿ ಅಂದಾಜು ಕಟ್ಟಬೇಡಿ. ತುಂಗಭದ್ರಾ ಕಾಲುವೆಗಳಿಗೆ ಬೇಸಿಗೆಯಲ್ಲಿ ನೀರು ನಿಲ್ಲುತ್ತದೆ. ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಂಡು ಬೇಸಿಗೆ ಕಳೆಯುವ ಬಳ್ಳಾರಿಯಂಥ ಊರಿನಲ್ಲಿ ಪಂಪಿನ ಲೋಡ್ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಪ್ಯಾನೆಲ್‌ಗೂ ಮೊದಲು ಪಂಪು

10 ಲಕ್ಷ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು, ಒಂದಿಷ್ಟೂ ನಷ್ಟವಿಲ್ಲದಿದ್ದರೆ, 2.725 ಯೂನಿಟ್ ಬೇಕು. ದಿನಕ್ಕೆ ಒಂದು ಕೋಟಿ ಲೀಟರನ್ನು 40 ಮೀಟರ್ ಎತ್ತುವ ಪಂಪ್‌ಹೌಸ್ ಎಂದಿಟ್ಟುಕೊಳ್ಳಿ. ನಷ್ಟವಿಲ್ಲದ ಲೆಕ್ಕದಲ್ಲಿ 1,090 ಯೂನಿಟ್. ಪಂಪು, ಮೋಟಾರು ಸೇರಿ ದಕ್ಷತೆ ಶೇ 60 ಇದ್ದರೆ ಸುಮಾರು 1,815 ಯೂನಿಟ್, ಪಂಪಿನೊಳಗೆ ತಿರುಗುತ್ತ ನೀರು ತಳ್ಳುವ, ಈಗ ಸವೆದ ಇಂಪೆಲ್ಲರ್‌ನಿಂದ ಶೇ 45ಕ್ಕೆ ಇಳಿದಿದ್ದರೆ 2,420 ಯೂನಿಟ್. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ಹಳೆ ಪಂಪನ್ನು ಹಾಗೇ ಬಿಟ್ಟರೆ ಅದೇ ನೀರಿಗೆ 150 ಕಿಲೋವ್ಯಾಟ್ ಪ್ಯಾನೆಲ್ ಹೆಚ್ಚು ಕೊಳ್ಳಬೇಕಾಗುತ್ತದೆ.

ದಕ್ಷತೆ ಅಳೆಯಲು ಒಂದು ಬೆಳಗ್ಗೆ ಸಾಕು. ಡೆಲಿವರಿ ಪೈಪಿನ ಪ್ರೆಷರ್ ಗೇಜ್ ನೋಡಿ: ಚದರ ಸೆಂ.ಮೀ.ಗೆ ಒಂದು ಕಿಲೋ ಎಂದರೆ ಸುಮಾರು 10 ಮೀಟರ್ ಎತ್ತರ. ಇದಕ್ಕೆ ಗೇಜಿನಿಂದ ಕೆಳಗೆ, ಪಂಪು ನೀರೆಳೆಯುವ ಬಾವಿಯಾದ ಜಾಕ್‌ವೆಲ್‌ನ ನೀರಿನ ಮಟ್ಟದವರೆಗಿನ ಎತ್ತರ ಸೇರಿಸಿ. ಫ್ಲೋ ಮೀಟರ್ ಇಲ್ಲದಿದ್ದರೆ, ಟ್ಯಾಂಕಿನ ಔಟ್‌ಲೆಟ್ ಮುಚ್ಚಿ ಒಂದು ಗಂಟೆಯಲ್ಲಿ ನೀರು ಎಷ್ಟು ಏರಿತೆಂದು ಅಳೆಯಿರಿ. ಅದೇ ಗಂಟೆಯ ಮೀಟರ್ ರೀಡಿಂಗ್ ಬರೆದುಕೊಂಡು ಮೇಲಿನ ಲೆಕ್ಕಕ್ಕೆ ಹೋಲಿಸಿ. ಅರ್ಧ ತೆರೆದ ವಾಲ್ವ್, ಒಳಗೆ ಕಿಟ್ಟ ಕಟ್ಟಿದ ಪೈಪು ಇದ್ದರೆ ಗೇಜ್ ಅನುಮಾನ ಬರುವಷ್ಟು ಹೆಚ್ಚು ತೋರಿಸುತ್ತದೆ.

ಮಂಜೂರಾದ ಲೋಡ್ ಎಂಬ ಗೆರೆ

ಹೆಚ್ಚಿನ ಯೋಜನಾ ವರದಿಗಳು ಎಡವುವ ಜಾಗ ಇದು. ಮೇಲಿನ ಪಂಪ್‌ಹೌಸಿಗೆ 1,815 ಯೂನಿಟ್ ಬೇಕು, ಹಾಗಾಗಿ 450 ಕಿಲೋವ್ಯಾಟ್ ಹಾಕೋಣ ಎಂದು ಬರೆದುಬಿಡುತ್ತಾರೆ. ಆದರೆ ಅಲ್ಲಿ ಪಂಪು ದಿನಕ್ಕೆ 20 ಗಂಟೆ ಓಡುತ್ತಿದ್ದರೆ ಲೋಡ್ ಇರುವುದು 90 ಕಿಲೋವ್ಯಾಟ್ ಆಸುಪಾಸು. ಹೆಚ್ಚಾದ ಸೋಲಾರ್ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವ ನೆಟ್ ಮೀಟರಿಂಗ್‌ನಲ್ಲಿ ಸೋಲಾರ್ ಸಾಮರ್ಥ್ಯ ಸಾಮಾನ್ಯವಾಗಿ ಮಂಜೂರಾದ ಲೋಡ್ ಮೀರುವಂತಿಲ್ಲ. ಮಂಜೂರಾತಿ 120 ಕಿಲೋವ್ಯಾಟ್ ಇದ್ದರೆ ಅಲ್ಲಿ ಹುಟ್ಟುವುದು 480 ಯೂನಿಟ್, ಅಂದರೆ ಬೇಕಾದುದರ ಕಾಲು ಭಾಗ.

ಅಷ್ಟನ್ನು ಪಂಪ್‌ಹೌಸ್ ಆವರಣದಲ್ಲೇ ಹಾಕಿ. 120 ಕಿಲೋವ್ಯಾಟಿಗೆ ನೆಲದ ಮೇಲೆ ಸುಮಾರು ಅರ್ಧ ಎಕರೆ ಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಓರೆಯಾಗಿರಲಿ. ದಿನಕ್ಕೆ ನಾಲ್ಕಾರು ಗಂಟೆ ಬಿಡುವಿರುವ ಪಂಪುಗಳಿದ್ದರೆ ಆ ಬಿಡುವನ್ನು ರಾತ್ರಿಗೆ ತಳ್ಳಿ, ಬಿಸಿಲಿನಲ್ಲಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಬ್ಯಾಟರಿಗೆ ದುಡ್ಡು ಸುರಿಯುವ ಅಗತ್ಯವೇ ಬೀಳುವುದಿಲ್ಲ.

ಸೋಲಾರ್ ಹಾಕಿದ ಮೇಲೆ ಪವರ್ ಫ್ಯಾಕ್ಟರ್ ಕಡಿಮೆಯಾಯಿತೆಂದು ದಂಡ ಬಂತು ಎಂಬ ದೂರಿಗೂ ಕಾರಣವಿದೆ. 90 ಕಿಲೋವ್ಯಾಟ್ ಮೋಟಾರುಗಳು 0.9 ಪವರ್ ಫ್ಯಾಕ್ಟರ್‌ನಲ್ಲಿ ಓಡುವಾಗ ಸುಮಾರು 44 ಕೆವಿಎಆರ್ (ಅದರ ಅಳತೆ) ರಿಯಾಕ್ಟಿವ್ ಪವರ್ ಕೂಡ ಎಳೆಯುತ್ತವೆ: ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕಾದ, ಆದರೆ ನೀರೆತ್ತದ ಶಕ್ತಿ ಅದು. ಮಧ್ಯಾಹ್ನ ಸೋಲಾರ್ 70 ಕಿಲೋವ್ಯಾಟ್ ಕೊಟ್ಟರೆ ಲೈನಿನಿಂದ ಬರುವುದು 20 ಕಿಲೋವ್ಯಾಟ್ ಮಾತ್ರ, ಆದರೆ ಆ 44 ಹಾಗೇ ಉಳಿಯುತ್ತದೆ. ಜೆಸ್ಕಾಂ ಮೀಟರಿನಲ್ಲಿ ಆ ಹೊತ್ತಿನ ಪವರ್ ಫ್ಯಾಕ್ಟರ್ 0.42ಕ್ಕೆ ಕುಸಿಯುತ್ತದೆ. ಎಪಿಎಫ್‌ಸಿ ಪ್ಯಾನೆಲ್ (ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ ಪೆಟ್ಟಿಗೆ) ಹಾಕಿಸಿ, ಅದರ ಸಿಟಿಯನ್ನು (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಮೋಟಾರಿನ ಹತ್ತಿರವಲ್ಲ, ಜೆಸ್ಕಾಂ ಮೀಟರಿನ ಬಳಿ ಕೂರಿಸಿ. ಇನ್ವರ್ಟರಿನಿಂದಲೇ ರಿಯಾಕ್ಟಿವ್ ಪವರ್ ಕೊಡಿಸುವ ಸೆಟ್ಟಿಂಗ್ ಕೂಡ ಇರುತ್ತದೆ, ಹಸ್ತಾಂತರಕ್ಕೆ ಮುಂಚೆ ಮಾಡಿಸಿಕೊಳ್ಳಿ.

ಉಳಿದ ಮುಕ್ಕಾಲು ಎಲ್ಲಿಂದ?

ಕುಷ್ಟಗಿ, ಯಲಬುರ್ಗಾ ಬಯಲಿನ ಗಾಳಿಯಿಂದ. ಮೋಡ ಕವಿದು ಸೋಲಾರ್ ಕುಗ್ಗುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ರಾತ್ರಿಯೂ ತಿರುಗುತ್ತವೆ. ಕೇಂದ್ರದ 2022ರ ಹಸಿರು ಇಂಧನ ಓಪನ್ ಆಕ್ಸೆಸ್ ನಿಯಮಗಳ ಪ್ರಕಾರ 100 ಕಿಲೋವ್ಯಾಟ್ ಲೋಡ್ ಇದ್ದರೂ ಹೊರಗಿನಿಂದ ಕರೆಂಟು ತರಿಸಬಹುದು. ಒಂದೇ ವಿದ್ಯುತ್ ವಿಭಾಗದೊಳಗಿನ ಹಲವು ಸಂಪರ್ಕ ಕೂಡಿಸಿ 100 ತಲುಪಿದರೂ ಆದೀತೆಂದು 2023ರ ತಿದ್ದುಪಡಿ ಹೇಳುತ್ತದೆ. ಆರ್‌.ಆರ್‌. ಪಟ್ಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕ್ಯಾಪ್ಟಿವ್, ಅಂದರೆ ಸ್ವಂತ ಬಳಕೆಯ ಸ್ಥಾವರ ಎನಿಸಿಕೊಳ್ಳಲು ಅದರಲ್ಲಿ ಬಳಸುವವರ ಕನಿಷ್ಠ ಶೇ 26 ಪಾಲು ಇರಬೇಕು, ಅಲ್ಲಿ ಹುಟ್ಟಿದ ಕರೆಂಟಿನಲ್ಲಿ ಶೇ 51ರಷ್ಟಾದರೂ ಪಾಲುದಾರರೇ ಬಳಸಬೇಕು. ವೀಲಿಂಗ್ (ಲೈನಿನಲ್ಲಿ ಸಾಗಿಸುವ), ಬ್ಯಾಂಕಿಂಗ್ (ಹೆಚ್ಚಾದುದನ್ನು ಜಮಾ ಇಟ್ಟು ಮುಂದೆ ಪಡೆಯುವ) ಶುಲ್ಕ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಆದೇಶದೊಂದಿಗೆ ಬದಲಾಗುವುದರಿಂದ ಸಹಿ ಹಾಕುವ ದಿನದ ದರದ ಮೇಲೆ ಲೆಕ್ಕ ಕಟ್ಟಿ.

ದುಡ್ಡಿನ ದಾರಿಗೆ ಇಂದೋರ್ ನೋಡಿ. ನರ್ಮದೆಯ ನೀರೆತ್ತುವ ಜಲೂದ್ ಪಂಪಿಂಗ್ ಸ್ಟೇಷನ್ನಿಗಾಗಿ 60 ಮೆಗಾವ್ಯಾಟ್ ಸೋಲಾರ್ ಕಟ್ಟಲು ಅಲ್ಲಿನ ಪಾಲಿಕೆ 2023ರಲ್ಲಿ ಹಸಿರು ಬಾಂಡ್ (ಪರಿಸರದ ಕೆಲಸಕ್ಕಾಗಿಯೇ ಎತ್ತುವ ಸಾಲಪತ್ರ) ಮೂಲಕ ಸಾರ್ವಜನಿಕರಿಂದ 244 ಕೋಟಿ ರೂಪಾಯಿ ಎತ್ತಿತು.

ದೀಪ, ಆಸ್ಪತ್ರೆ, ಶಾಲೆ

250 ವ್ಯಾಟ್ ಸೋಡಿಯಂ ದೀಪ ಚೋಕ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ. ವರ್ಷಕ್ಕೆ 4,000 ಗಂಟೆ ಉರಿದರೆ 1,120 ಯೂನಿಟ್, ಅದರ ಜಾಗದಲ್ಲಿ 100 ವ್ಯಾಟ್ ಎಲ್‌ಇಡಿ ಇದ್ದರೆ 400. ತಂತಿ ಇರುವ ಬೀದಿಯಲ್ಲಿ ಬ್ಯಾಟರಿ ಇರುವ ಸೋಲಾರ್ ಕಂಬ ಬೇಡ. ನಮ್ಮ ಏಪ್ರಿಲ್-ಮೇ ಬಿಸಿಗೆ ಡಬ್ಬಿಯೊಳಗಿನ ಲೆಡ್-ಆಸಿಡ್ ಬ್ಯಾಟರಿ ಬೇಗ ಸಾಯುತ್ತದೆ.

ಸಾಮಾನ್ಯ ಸೋಲಾರ್ ಇನ್ವರ್ಟರು ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ ಜೀವ ಉಳಿಯಲು ಅದು ಹಾಗೇ ಇರಬೇಕು. ಹಾಗಾಗಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್, ಐಸಿಯು, ಲಸಿಕೆ ಫ್ರಿಜ್‌ಗಳ ವೈರಿಂಗ್ ಬೇರೆ ಮಾಡಿ, ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರಿಗೆ ಜೋಡಿಸಿ. ಜನರೇಟರ್ ಜೊತೆ ಓಡಿಸುವುದಾದರೆ ಸೋಲಾರ್ ಕರೆಂಟು ಜನರೇಟರಿಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ರಿವರ್ಸ್ ಪವರ್ ರಿಲೇ ಕಡ್ಡಾಯ.

ಶಾಲೆಗಳಿಗೆ 3ರಿಂದ 5 ಕಿಲೋವ್ಯಾಟ್ ಸಾಕು. ಕಲ್ಲುಚಪ್ಪಡಿಯ ಹಳೆ ಮಾಳಿಗೆಗೆ ಪ್ಯಾನೆಲ್ ಹತ್ತಿಸಬೇಡಿ. ಆರ್‌ಸಿಸಿ ಆದರೂ ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಕಾಂಕ್ರೀಟ್ ಪೀಠ. ಸ್ಲ್ಯಾಬಿಗೆ ನೇರ ರಂಧ್ರ ಕೊರೆದರೆ ಮೊದಲ ಮಳೆಗೇ ತರಗತಿ ಸೋರುತ್ತದೆ.

ಟೆಂಡರಿನಲ್ಲಿ ಬರೆಸಬೇಕಾದ್ದು

ಕಿಲೋವ್ಯಾಟ್ ಲೆಕ್ಕದಲ್ಲಷ್ಟೇ ಕೊಳ್ಳಬೇಡಿ, ವರ್ಷಕ್ಕೆ ಪ್ರತಿ ಕಿಲೋವ್ಯಾಟಿಗೆ ಕನಿಷ್ಠ ಇಷ್ಟು ಯೂನಿಟ್ ಎಂಬ ಖಾತರಿ ಬರೆಸಿ. 1,400 ಕೇಳುವುದು ನ್ಯಾಯವೇ. ಡಿಸಿ, ಎಸಿ, ಸಿಡಿಲು ನಿರೋಧಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ಇರಲಿ. ತೊಳೆಯುವುದು 15 ದಿನಕ್ಕೊಮ್ಮೆ, ಅದಿರು ಲಾರಿ ಓಡುವ ರಸ್ತೆ, ಅಕ್ಕಿ ಗಿರಣಿ, ಸ್ಪಾಂಜ್ ಐರನ್ ಘಟಕದ ಪಕ್ಕದಲ್ಲಾದರೆ ವಾರಕ್ಕೊಮ್ಮೆ. ಬೆಳಗ್ಗೆ ಗಾಜು ತಣ್ಣಗಿರುವಾಗ, ಫಿಲ್ಟರ್ ಆದ ನೀರಿನಲ್ಲಿ ತೊಳೆಯಬೇಕು. ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಉಪ್ಪು ಬಿಟ್ಟರೆ ಉಜ್ಜಿದರೂ ಹೋಗದು. ಯೂನಿಟ್ ಲೆಕ್ಕದಲ್ಲಿ ಖಾಸಗಿಯವರಿಗೆ ಹಣ ಕೊಡುವ ರೆಸ್ಕೋ ಮಾದರಿಯಾದರೆ ಪಾವತಿಗೆಂದೇ ಹಣ ಮೀಸಲಿಡುವ ಎಸ್ಕ್ರೊ ಖಾತೆ ತೆರೆಯಿರಿ. ಬಾಕಿ ಬೆಳೆದಂತೆ ಮೊದಲು ನಿಲ್ಲುವುದೇ ಈ ತೊಳೆಯುವ ಕೆಲಸ.